ಗಂಜಿ ಹಾಕಿದ ಹೆಸರು

ನನ್ನ ಹೆಸರು ಮೃದುಲಾ. ಅಂದರೆ ಮೆತ್ತಗಿನವಳು, ಮುಟ್ಟಿದರೆ ಎಲ್ಲಿ ಕರಗಿಬಿಡುತ್ತಾಳೋ ಅನ್ನಿಸುವವಳು. ಹುಟ್ಟಿದಾಗ ನಾನು ಹಾಗೇ ಇದ್ದೆನಂತೆ. ಕೆನ್ನೆ ಎಷ್ಟು ಮೆತ್ತಗಿದೆ ನೋಡೋಣವೆಂದು ನಮ್ಮಜ್ಜಿ ಬೆರಳಿಟ್ಟರೆ ಅದು ಒಳಗೇ ಹೋಗಿಬಿಟ್ಟಿತಂತೆ. ಹೊರಗೆ ಎಳೆಯಲು ಸೂಲಗಿತ್ತಿ, ನಮ್ಮಮ್ಮ ಇಬ್ಬರೂ ಕೈಜೋಡಿಸಬೇಕಾಯಿತಂತೆ. ಬೆರಳು ಹೊರಗೆ ಬರುವ ಮೊದಲೇ ನಮ್ಮಪ್ಪ ಹೆಸರು ಗೊತ್ತುಮಾಡಿಬಿಟ್ಟಿದ್ದರು. ನಾನು ಸುಳ್ಳು ಹೇಳುವವಳಲ್ಲ. ಇದ್ದದ್ದಕ್ಕೆ ಸ್ವಲ್ಪ ಹತ್ತಿ ತುಂಬುತ್ತೇನೆ, ಅಷ್ಟೆ. ಅದು ನನ್ನ ಕಸುಬು.

ನಾನು ದಿಂಬು ಮಾಡುತ್ತೇನೆ. ನನ್ನ ಹಾಗೆ ಹತ್ತಿ ಹಿಂಜುವವರು ಈ ಭೂಮಿಯ ಮೇಲಿಲ್ಲ, ಚಂದ್ರನ ಮೇಲಿದ್ದರೆ ನನಗೆ ಗೊತ್ತಿಲ್ಲ. ನಾನು ಹಿಂಜಿದ ಹತ್ತಿಯನ್ನು ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಲು ಮರೆತರೆ ಅದು ಮೋಡವಾಗಿ ಹೋಗಿ ಯಾರದೋ ಮಹಡಿಯ ಮೇಲೆ ನೆರಳು ಕೊಡುತ್ತದೆ. ಪಕ್ಕದ ಮನೆಯ ಅಜ್ಜ ನನ್ನ ದಿಂಬಿಗೆ ತಲೆಯಿಟ್ಟು ಒಮ್ಮೆ ಎಂಥ ನಿದ್ದೆ ಹೋದರೆಂದರೆ, ಮಕ್ಕಳೆಲ್ಲ ಬಂದು ಕೂತು ಮನೆ ಪಾಲು ಮಾಡಿಕೊಳ್ಳಲು ಶುರುಮಾಡಿದ್ದರು. ಅಜ್ಜ ಎದ್ದು ಬಂದು ಕಾಫಿ ಕೇಳಿದಾಗ ಆ ಮಕ್ಕಳ ಮುಖ ನೋಡಬೇಕಿತ್ತು.

ಇಂಥ ಕೈಗೆ ಇಂಥ ಹೆಸರು. ಹೇಳಿ ಮಾಡಿಸಿದ ಜೋಡಿ. ಆದರೆ ಕೈ ಮಾತ್ರ ನನ್ನ ಹತ್ತಿರ ಇತ್ತು. ಹೆಸರು ಮೂರು ಬೀದಿ ಆಚೆ, ನನ್ನ ಮೈದುನನ ಅಂಗಡಿಯ ಬಾಗಿಲ ಮೇಲೆ ಮಳೆ ಬಿಸಿಲಿಗೆ ನೇತಾಡುತ್ತಿತ್ತು: ಮೃದುಲಾ ಲಾಂಡ್ರಿ.

ಅದು ಅಲ್ಲಿಗೆ ಹೋದದ್ದು ನಮ್ಮ ಮಾವನ ಕೆಲಸ. ನನ್ನನ್ನು ನೋಡಲು ಬಂದ ದಿನ ಅವರು ನನ್ನ ಮುಖ ನೋಡಲೇ ಇಲ್ಲ. ಓದು ಕೇಳಲಿಲ್ಲ, ಅಡುಗೆ ಕೇಳಲಿಲ್ಲ. "ಹೆಸರೇನಮ್ಮಾ?" ಅಂದರು. ಹೇಳಿದೆ. ಕೂತಿದ್ದ ಕುರ್ಚಿಯಿಂದ ಎದ್ದೇಬಿಟ್ಟರು. "ಸಾಕು. ಇನ್ನೇನೂ ಬೇಡ. ನಮಗೆ ಒಪ್ಪಿಗೆ!" ಮನೆಯವರೆಲ್ಲ ನನ್ನ ಅದೃಷ್ಟಕ್ಕೆ ಕಣ್ಣೊರೆಸಿಕೊಂಡರು. ಅವರ ಲಾಂಡ್ರಿಗೆ ವರ್ಷಗಳಿಂದ ಒಂದು ಒಳ್ಳೆಯ ಹೆಸರು ಸಿಕ್ಕದೆ ಒದ್ದಾಡುತ್ತಿದ್ದರೆಂಬುದು ಆಮೇಲೆ ತಿಳಿಯಿತು. ಬೋರ್ಡು ಮದುವೆಗಿಂತ ಮುಂಚೆಯೇ ಒಣಗಿ ನಿಂತಿತ್ತು. ಅವರಿಗೆ ಬೇಕಾಗಿದ್ದದ್ದು ಬೋರ್ಡು, ಸೊಸೆ ಅದರ ಜೊತೆ ಉಚಿತವಾಗಿ ಬಂದವಳು.

ಆ ಮನೆಯ ಹೊಸಿಲು ತುಳಿದ ಮೇಲೆ ನನ್ನನ್ನು ಆ ಹೆಸರಿನಿಂದ ಯಾರೂ ಕರೆಯಲಿಲ್ಲ. ಗಂಡನಿಗೆ ನಾನು 'ಇವಳೇ'. ಮೈದುನನಿಗೆ 'ಅತ್ತಿಗೆ'. ಮಕ್ಕಳಿಗೆ 'ಅಮ್ಮಾ', ಬೀದಿಗೆಲ್ಲ 'ದಿಂಬಿನಕ್ಕ'. ಬೀದಿಯಲ್ಲಿ ಯಾರಾದರೂ 'ಮೃದುಲಾ' ಅಂದರೆ ಕೊಳೆಬಟ್ಟೆಯ ಗಂಟು ಹೊತ್ತು ದಾರಿ ಕೇಳುತ್ತಿದ್ದಾರೆ ಎಂದೇ ಅರ್ಥ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮಾವ ಇರುವವರೆಗೆ ಬಟ್ಟೆಯಾದರೂ ಮೆತ್ತಗಿತ್ತು. ಅವರು ತೀರಿಕೊಂಡು ಲಾಂಡ್ರಿ ಮೈದುನನ ಕೈಗೆ ಬಂತು. ಈ ನನ್ನ ಮೈದುನನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಚಟ, ಗಂಜಿ. ಬಟ್ಟೆ ಅಂದರೆ ಗರಿಗರಿ ಇರಬೇಕು, ಮಡಿಸಿದರೆ ಮುರಿಯಬೇಕು. ಅಂಗಿಗೆ ಗಂಜಿ, ಪ್ಯಾಂಟಿಗೆ ಗಂಜಿ, ಕಾಲುಚೀಲಕ್ಕೆ ಗಂಜಿ. ಅವನಲ್ಲಿ ಒಗೆಸಿದ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡ ಗುಮಾಸ್ತನೊಬ್ಬ ಹೊಲಿಗೆ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಓಡಿದ. ಹೆಡ್‌ಮಾಸ್ಟರು ತಮ್ಮ ಅಂಗಿಯನ್ನು ಕುರ್ಚಿಯ ಮೇಲೆ ಕೂರಿಸಿ ಹೊರಗೆ ಹೋಗಿಬಿಡುತ್ತಿದ್ದರು. ಇಡೀ ತರಗತಿ ಅದಕ್ಕೆ ಹೆದರಿ ಲೆಕ್ಕ ಮಾಡುತ್ತಿತ್ತು. ಕಾವಲುಗಾರ ಒಳಗೆ ಮಲಗಿದ್ದಾಗ ಅವನ ಪ್ಯಾಂಟೊಂದೇ ಗೇಟಿನಲ್ಲಿ ನಿಂತಿರುತ್ತಿತ್ತು. ಕಳ್ಳರು ಅದಕ್ಕೆ ಸಲಾಮು ಹೊಡೆದು ಹೋಗುತ್ತಿದ್ದರಂತೆ.

ಜನರ ನಾಲಿಗೆ ಕೇಳಬೇಕೆ? ಅವರು ನನ್ನ ಹೆಸರಿನ ಹೊಟ್ಟೆ ಸೀಳಿ, ಒಳಗಿನ ಅರ್ಥವನ್ನು ತೆಗೆದು ಬೇರೆಯದನ್ನು ತುಂಬಿದರು. ಒಂದು ದಿನ ಬೇಕರಿಗೆ ಹೋಗಿದ್ದೆ. ಬ್ರೆಡ್ಡಿಗೆ ಕೈ ಹಾಕಿದರೆ ಬೇಕರಿಯವಳು, "ಅದು ಬೇಡ ದಿಂಬಿನಕ್ಕಾ, ನಿನ್ನೆಯದು. ಮೃದುಲಾ ಆಗ್ಬಿಟ್ಟಿದೆ" ಅಂದಳು.

"ಏನಾಗ್ಬಿಟ್ಟಿದೆ?"

"ಮೃದುಲಾ. ಅಂದ್ರೆ ಕಲ್ಲಾಗಿದೆ ಅಂತ. ಹಲ್ಲು ಹೋದಾವು."

ಆಮೇಲೆ ಕಿವಿಯಿಟ್ಟು ಕೇಳಿದೆ. ಎಲ್ಲೆಲ್ಲೂ ಅದೇ. ಮಂಡಿ ಹಿಡಿದುಕೊಂಡ ಮುದುಕ ಡಾಕ್ಟರಿಗೆ, "ಕಾಲು ಪೂರ್ತಿ ಮೃದುಲಾ ಸಾರ್, ಮಡಚಕ್ಕಾಗಲ್ಲ" ಅನ್ನುತ್ತಾನೆ. ಹೊಸ ನೆಲ ಹಾಕುವ ಗಾರೆಯವನು, "ಸಿಮೆಂಟು ಮೃದುಲಾ ಆಗೋವರೆಗೂ ಯಾರೂ ಕಾಲಿಡಬೇಡಿ" ಎಂದು ಕೂಗುತ್ತಾನೆ. ಹುಟ್ಟಿದಾಗ ಅಜ್ಜಿಯ ಬೆರಳು ನುಂಗಿದ ನಾನು ಈಗ ಸಿಮೆಂಟು!

ಹಲ್ಲು ಕಚ್ಚಿಕೊಂಡು ದಿಂಬು ಮಾಡುತ್ತಿದ್ದೆ. ಮನೆಯಲ್ಲಿ ಹತ್ತಿ ಎಷ್ಟು ತುಂಬಿತ್ತೆಂದರೆ ಗಂಡನನ್ನು ಹುಡುಕಲು ಕೈ ಹಾಕಿ ತಡಕಬೇಕಾಗುತ್ತಿತ್ತು. ಕೊನೆಗೆ ಅವರೇ, "ಇವಳೇ, ಒಂದು ಅಂಗಡಿ ಹಿಡಿ. ನಾನು ಬಸ್ಸಿನ ಸೀಟಿನಲ್ಲಿ ಕೂತರೆ ಹಿಂದಿನವರೆಲ್ಲ ಸೀನ್ತಾರೆ" ಅಂದರು. ಅವರು ಬಸ್ ಡ್ರೈವರು. ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ, ಅವರು ಒಂದು ಉಪಕಾರ ಮಾಡಿದರೆ ಅದನ್ನು ಸರಿಪಡಿಸಲು ನಾಲ್ಕು ಜನ ಬೇಕು.

ವಾಚ್ ರಿಪೇರಿಯವನ ಪಕ್ಕದಲ್ಲಿ ಒಂದು ಕೋಣೆ ಸಿಕ್ಕಿತು. ಬೋರ್ಡು ಬರೆಯುವವನನ್ನು ಕರೆಸಿದೆ. ಅವನು ಏಣಿ ಒರಗಿಸಿ, ಡಬ್ಬಿ ತೆರೆದು, ಕುಂಚ ಅದ್ದಿಕೊಂಡು ಕೇಳಿದ:

"ಹೆಸರು ಹೇಳಕ್ಕಾ."

"ಮೃದುಲಾ ದಿಂಬುಗಳು."

ಅವನು ಏಣಿಯಿಂದ ಇಳಿದ. ಕುಂಚ ಡಬ್ಬಿಯ ಮೇಲಿಟ್ಟ. ನನ್ನ ಮುಖವನ್ನೇ ನೋಡಿದ.

"ದಿಂಬಿಗಾ?"

"ಮತ್ತೇನು, ಕಡಪಾ ಕಲ್ಲಿಗಾ?"

"ಅದಕ್ಕಾದ್ರೆ ಈಗ್ಲೇ ಬರೀತಿದ್ದೆ ಅಕ್ಕಾ. ನೋಡಿ, ತಪ್ಪು ತಿಳ್ಕೋಬೇಡಿ. ಹಲ್ಲು ಕೀಳೋ ಅಂಗಡಿಗೆ 'ನೋವು' ಅಂತ ಹೆಸರಿಡ್ತಾರಾ? ಬೇರೆ ಏನಾದ್ರೂ ಇಡೋಣ. 'ಸುಖನಿದ್ರೆ' ಅಂತ ಬರೀಲಾ? ಹಿಂದೆ ಒಂದು ಚಂದ್ರನ್ನೂ ಹಾಕ್ತೀನಿ, ಫ್ರೀ."

"ಅದು ನನ್ನ ಹೆಸರು ಕಣಯ್ಯಾ."

"ನಿಮ್ದಾ?" ಅವನ ಕಣ್ಣು ಅರಳಿತು. "ಲಾಂಡ್ರಿ ಹೆಸರು ನಿಮಗಿಟ್ರಾ?"

ಆ ಡಬ್ಬಿ ಅವನ ತಲೆಗೆ ಹೋಗಬೇಕಿತ್ತು. ಅದರ ಬದಲು ನಾನು ಲಾಂಡ್ರಿಗೆ ಹೋದೆ. ನಾನು ನಡೆದ ರಭಸಕ್ಕೆ ದಾರಿಯಲ್ಲಿದ್ದ ನಾಯಿಗಳು ಪಕ್ಕದ ಬೀದಿಗೆ ವರ್ಗಾವಣೆ ತೆಗೆದುಕೊಂಡವು.

ಲಾಂಡ್ರಿಯಲ್ಲಿ ಎಂದಿನಂತೆ ಹಬೆ. ಸುಟ್ಟ ಕಂಬಳಿ ಹಾಸಿದ ಉದ್ದನೆಯ ಮೇಜು, ಹಿಂದೆ ಗಂಜಿ ಕುದಿಯುವ ತಪ್ಪಲೆ, ಮೇಲೆ ತಂತಿಯಿಂದ ನೇತಾಡುವ ಅಂಗಿಗಳು. ಗಾಳಿ ಬೀಸಿದರೆ ಬಾಗಿಲುಗಳ ಹಾಗೆ ಒಂದಕ್ಕೊಂದು ಬಡಿಯುತ್ತಿದ್ದವು. ಮೈದುನ ಒಂದು ಕೈ ಸೊಂಟದ ಮೇಲಿಟ್ಟು ಇನ್ನೊಂದರಲ್ಲಿ ಇಸ್ತ್ರಿ ಎಳೆಯುತ್ತಿದ್ದ.

"ಬನ್ನಿ ಅತ್ತಿಗೆ, ಬನ್ನಿ. ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ. ಎರಡರಲ್ಲಿ ಒಂದು ಮಾಡು. ಗಂಜಿ ಬಿಡು, ಇಲ್ಲ ನನ್ನ ಹೆಸರು ಬಿಡು."

"ಏನಾಯ್ತು ಅತ್ತಿಗೆ?"

"ಏನಾಯ್ತಾ? ಊರವರು ಒಣಗಿದ ಬ್ರೆಡ್ಡಿಗೆ ನನ್ನ ಹೆಸರು ಹೇಳ್ತಾರೆ ಕಣೋ! ಸಿಮೆಂಟಿಗೆ ಹೇಳ್ತಾರೆ! ನಾನು ಅಂಗಡಿ ಇಡಬೇಕು. ದಿಂಬಿಗೆ ನನ್ನ ಹೆಸರು ಅಂದ್ರೆ ಬೋರ್ಡಿನವನು ಏಣಿ ಇಳಿದು ಬರ್ತಾನೆ!"

ಅವನು ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದ. ಮುಖದಲ್ಲಿ ನಿಜವಾದ ಕಳವಳ. ಅದೇ ಕಷ್ಟ ನೋಡಿ, ಜಗಳಗಂಟನಾಗಿದ್ದರೆ ಅರೆದುಬಿಡುತ್ತಿದ್ದೆ.

"ಗಂಜಿ ಬಿಟ್ರೆ ಇದು ಲಾಂಡ್ರಿ ಹೇಗಾಗುತ್ತೆ ಅತ್ತಿಗೆ? ಬರೀ ನೀರಲ್ಲಿ ಅದ್ದಿ ಕೊಡಕ್ಕೆ ನಾನೇನು ಕೆರೆನಾ? ಇನ್ನು ಬೋರ್ಡು... ಅದು ಅಪ್ಪ ಹಾಕಿದ್ದು. ನಾನು ಹೇಗೆ ತೆಗೀಲಿ?"

"ಹೆಸರು ನನ್ನಪ್ಪ ಇಟ್ಟಿದ್ದು."

"ಅದೂ ಹೌದು," ಎಂದು ಒಪ್ಪಿಕೊಂಡು ಅವನು ತಲೆ ಕೆರೆದುಕೊಂಡ. "ನೀವೇ ಇನ್ನೊಂದು ಹೆಸರು ಇಟ್ಕೊಂಡ್ಬಿಡಿ ಅತ್ತಿಗೆ. ನಿಮ್ಮನ್ನ ಯಾರು ಆ ಹೆಸರಿಂದ ಕರೀತಾರೆ? ನಿಮಗೆ ಅದರ ಖರ್ಚೇ ಇಲ್ಲ."

ಈ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಪಕ್ಕದಲ್ಲಿ ಯಾರಾದರೂ ಒಂದು ಒದ್ದೆ ಅಂಗಿಯನ್ನು ಹಿಡಿದು ನಿಂತಿದ್ದರೆ ಇಸ್ತ್ರಿಯೇ ಬೇಕಾಗುತ್ತಿರಲಿಲ್ಲ. ಉರಿ ಏಕೆಂದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಬಳಸದೆ ಮೂಲೆಗಿಟ್ಟ ಪಾತ್ರೆಯನ್ನು ಯಾರೋ ಎತ್ತಿಕೊಂಡು ಹೋಗಿ ಅದರಲ್ಲಿ ಗಂಜಿ ಕುದಿಸುತ್ತಿದ್ದಾರೆ. ಹೋಗಿ ಕೇಳಿದರೆ, 'ನಿನಗೇನು ಬೇಕಿತ್ತೇ?' ಅನ್ನುತ್ತಾರೆ. ಬೇಕಿತ್ತು. ಅಷ್ಟು ವರ್ಷ ಬೇಕೆಂದು ನನಗೂ ಗೊತ್ತಿರಲಿಲ್ಲ. ಈಗ ಬೇಕಾಗಿತ್ತು. ಬದುಕಿನಲ್ಲಿ ಮೊದಲ ಸಲ ನನ್ನದೊಂದು ಬಾಗಿಲು, ಅದರ ಮೇಲೆ ನನ್ನದಲ್ಲದೆ ಯಾರದೋ 'ಸುಖನಿದ್ರೆ' ಏಕೆ?

"ಅದೇ ಹೆಸರೇ ಹಾಕ್ತೀನಿ," ಎಂದು ಬಂದುಬಿಟ್ಟೆ. "ಯಾರು ನಗ್ತಾರೋ ನಗಲಿ. ಒಂದು ಸಲ ದಿಂಬು ಒತ್ತಿ ನೋಡಲಿ. ಆಮೇಲೆ ಹೇಳ್ತೀನಿ ಮೃದುಲಾ ಅಂದ್ರೆ ಏನು ಅಂತ."

ಬೋರ್ಡಿನವನು ತಲೆಯಾಡಿಸುತ್ತಲೇ ಬರೆದ. ಅಂಗಡಿ ತೆರೆಯುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಹಗಲೆಲ್ಲ ಕೂತು ದಿಂಬು ತುಂಬಿ ಅಂಗಡಿಗೆ ಸಾಗಿಸಿದೆ. ಬೆಣ್ಣೆಯೇ ನಾಚಿ ಗಟ್ಟಿಯಾಗಬೇಕು, ಅಂಥ ದಿಂಬುಗಳು. ಬಿಳಿ ಬಟ್ಟೆಯ ಗವಸುಗಳನ್ನು ನಾನೇ ಹೊಲಿದು, ಒಂದು ಬುಟ್ಟಿಯಲ್ಲಿ ಹಾಕಿಟ್ಟಿದ್ದೆ. ಮಾರನೆಯ ದಿನ ಬೆಳಿಗ್ಗೆ ಅವನ್ನು ಅಂಗಡಿಯಲ್ಲೇ ತೊಡಿಸುವುದೆಂದು ಲೆಕ್ಕ.

ಬೆಳಿಗ್ಗೆ ನೋಡಿದರೆ ಬುಟ್ಟಿಯಿಲ್ಲ.

"ರೀ, ಗವಸು ಎಲ್ಲಿ?"

ಗಂಡ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಆ ನಗೆ ನನಗೆ ಗೊತ್ತು. ಉಪಕಾರದ ನಗೆ.

"ಅಂಗಡಿಗೇ ತಲುಪಿಸಿದೀನಿ ಕಣೇ. ಹೊಸ ಅಂಗಡಿ, ಮುದುರಿದ ಬಟ್ಟೆ ಹಾಕಿದ್ರೆ ಚೆನ್ನಾಗಿರುತ್ತಾ? ನಿನ್ನೆ ರಾತ್ರಿ ತಮ್ಮನಿಗೆ ಕೊಟ್ಟಿದ್ದೆ. ಪಾಪ, ನಿನ್ನ ಮೇಲೆ ಬೇಜಾರಿಲ್ಲ ಅಂತ ತೋರಿಸಕ್ಕೆ ಎಲ್ಲಾ ಕೆಲಸ ಬಿಟ್ಟು ಅದನ್ನೇ ಮಾಡಿದಾನೆ. ಕಾಸೂ ತಗೊಂಡಿಲ್ಲ. ನಿನಗೆ ಅಂತ ಡಬ್ಬಲ್ ಗಂಜಿ!"

ನಾನು ಅಂಗಡಿಗೆ ಓಡಿದೆ. ಅಣ್ಣ ತಮ್ಮ ಸೇರಿ ಬೆಳಗಾಗುವುದರೊಳಗೆ ಎಲ್ಲವನ್ನೂ ತೊಡಿಸಿ, ಜೋಡಿಸಿ, ಒರೆಸಿ ಮುಗಿಸಿದ್ದರು. ನನ್ನ ದಿಂಬುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು, ಮೂಲೆಗಳೆಲ್ಲ ಚೂಪು. ಒಂದನ್ನು ಬೆರಳಿನಿಂದ ತಟ್ಟಿದೆ. ಟಕ್ ಎಂದಿತು. ಇನ್ನೊಂದು ಸಲ ತಟ್ಟಿದ್ದರೆ ಒಳಗಿಂದ ಹತ್ತಿಯೇ 'ಯಾರದು?' ಎಂದು ಕೇಳುತ್ತಿತ್ತು.

ಅಷ್ಟರಲ್ಲಿ ಜನ ಬಂದೇಬಿಟ್ಟರು. ಬೋರ್ಡು ಓದಿ ನಗಲು ಬಂದವರೇ ಹೆಚ್ಚು. ಎಲ್ಲರಿಗಿಂತ ಮುಂದೆ ಪಕ್ಕದ ವಾಚ್ ರಿಪೇರಿಯವನು. ವರ್ಷಾನುಗಟ್ಟಲೆ ಬಗ್ಗಿ ಮುಳ್ಳು ಚಕ್ರ ನೋಡಿ ಅವನ ಕತ್ತು ಎದೆಗೇ ಅಂಟಿಕೊಂಡಿದೆ. ಅವನಿಗೆ ಗೊತ್ತಿರುವುದು ಜನರ ಚಪ್ಪಲಿ ಮಾತ್ರ, ಮುಖವಲ್ಲ. ಅವನು ಒಂದು ದಿಂಬನ್ನು ಎತ್ತಿ ಗಲ್ಲದ ಕೆಳಗೆ ಕೊಟ್ಟುಕೊಂಡ. ತಲೆ ಮೇಲೆದ್ದಿತು. ಮೊದಲ ಸಲ ನನ್ನ ಮುಖ ನೋಡಿದ.

"ಅಬ್ಬಾ! ಕತ್ತಿಗೆ ಆಧಾರ ಅಂದ್ರೆ ಇದು! ಅಪ್ಪಟ ಮೃದುಲಾ! ನನಗೆರಡು ಕೊಡಿ ದಿಂಬಿನಕ್ಕಾ."

"ನನಗೂ ಒಂದು," ಎಂದ ಗಾರೆಯವನು. "ಸೊಂಟಕ್ಕೆ ಕೊಟ್ಕೋತೀನಿ."

"ಬಾಗಿಲು ಬಡ್ಕೊಳ್ಳದೆ ಇರೋ ಹಾಗೆ ಒತ್ತಿಡಕ್ಕೂ ಆಗುತ್ತೆ," ಎಂದಳು ಬೇಕರಿಯವಳು.

ಮೈದುನ ಎದೆಯುಬ್ಬಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. "ನೋಡಿದ್ರಾ ಅತ್ತಿಗೆ! ಹೆಸರಿಗೆ ತಕ್ಕ ಸಾಮಾನು ಇದ್ರೆ ಜನ ಮುಗಿಬೀಳ್ತಾರೆ. ನೀವು ಸುಮ್ನೆ ತಲೆ ಕೆಡಿಸ್ಕೊಂಡ್ರಿ."

ದುಡ್ಡಿಗೆ ಕೈ ಚಾಚಿದ್ದರೆ ಸಾಕಿತ್ತು. ಆ ದಿನ ಅಂಗಡಿ ಖಾಲಿಯಾಗುತ್ತಿತ್ತು. ಇಡೀ ಊರು ನನ್ನ ಹೆಸರು ಹೇಳುತ್ತಾ, ನನ್ನ ದಿಂಬು ಹೊತ್ತು ಹೋಗುತ್ತಿತ್ತು. ನನ್ನ ಹೆಸರು ಸಾಯುವವರೆಗೆ ಕಲ್ಲಾಗಿಯೇ ಉಳಿಯುತ್ತಿತ್ತು, ಅದಕ್ಕೆ ನಾನೇ ಮುದ್ರೆ ಒತ್ತಿದ ಹಾಗಾಗುತ್ತಿತ್ತು.

ವಾಚ್ ರಿಪೇರಿಯವನ ಗಲ್ಲದ ಕೆಳಗಿನಿಂದ ದಿಂಬು ಕಿತ್ತೆ. ಅವನ ತಲೆ ಟಪ್ಪೆಂದು ಕೆಳಗೆ ಬಿತ್ತು.

"ಇದು ಮಾರಾಟಕ್ಕಿಲ್ಲ."

"ಯಾಕೆ?"

"ಇದು ನಾನಲ್ಲ!"

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ವಿಚಿತ್ರವಾಯಿತು. ಆದರೆ ಹಿಂದೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಒಂದೊಂದೇ ದಿಂಬಿನ ಗವಸನ್ನು ಸುಲಿದೆ. ಚರಚರ ಎಂದು ಸದ್ದು ಮಾಡುತ್ತಾ ಬಂದವು. ಬಾಗಿಲ ಮುಂದೆ ಬಕೆಟ್ಟು ತಂದಿಟ್ಟು, ನೀರು ತುಂಬಿ, ಎಲ್ಲವನ್ನೂ ಮುಳುಗಿಸಿ, ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು ಉಜ್ಜತೊಡಗಿದೆ. ಗಂಜಿ ಬಿಟ್ಟು ನೀರು ಹಾಲಾಯಿತು. ಆ ನೀರು ಹರಿದ ಚರಂಡಿಯ ಸೊಳ್ಳೆಗಳು ರೆಕ್ಕೆ ಮಡಚಲಾಗದೆ ಇವತ್ತಿಗೂ ನಡೆದುಕೊಂಡು ಓಡಾಡುತ್ತವೆ.

"ಬಂದ ಗಿರಾಕೀನ ಹೀಗಾ ಓಡಿಸೋದು?" ಎಂದು ವಾಚ್ ರಿಪೇರಿಯವನು ನನ್ನ ಚಪ್ಪಲಿಗೆ ಬೈದು ಹೊರಟುಹೋದ. ಗಾರೆಯವನೂ ಹೋದ. ನಗಲು ಬಂದವರಿಗೂ ನಗು ಬರಲಿಲ್ಲ, ಅವರೂ ಹೋದರು. ಗಂಡ ಮಾತ್ರ ಎದುರು ಕೂತು ಗವಸಿನ ಇನ್ನೊಂದು ತುದಿ ಹಿಡಿದು ಹಿಂಡಿದರು. ಎರಡು ಗವಸು ಹಿಂಡಿದ ಮೇಲೆ, "ಡಬ್ಬಲ್ ಬೇಡ ಅನ್ನಬೇಕಿತ್ತು ನಾನು" ಎಂದರು. ಅವರಿಗೆ ಅರ್ಥವಾದದ್ದು ಅಷ್ಟು. ಅಷ್ಟಾದರೂ ಆಯಿತಲ್ಲ.

ಮಧ್ಯಾಹ್ನದ ಬಿಸಿಲಿಗೆ ಗವಸು ಒಣಗಿದವು. ತೊಡಿಸಿದೆ. ಮೈದುನ ಅಷ್ಟು ಹೊತ್ತೂ ಮೂಲೆಯ ಸ್ಟೂಲಿನ ಮೇಲೆ ಮುಖ ಊದಿಸಿಕೊಂಡು ಕೂತು ಗೊಣಗುತ್ತಿದ್ದ. ಡಬ್ಬಲ್ ಗಂಜಿ ಹೋಯಿತು, ಮಾನ ಹೋಯಿತು, ಒಳ್ಳೆಯದಕ್ಕೆ ಕಾಲವಿಲ್ಲ ಎಂದೆಲ್ಲ. ನಾನು ಒಂದು ದಿಂಬನ್ನು ಅವನ ಬೆನ್ನಿಗೂ ಗೋಡೆಗೂ ಮಧ್ಯೆ ತುರುಕಿದೆ.

"ನಿಮಗೆ ಗೊತ್ತಿಲ್ಲ ಅತ್ತಿಗೆ, ಗಂಜಿ ಅಂದ್ರೆ ಬರೀ... ಗಂಜಿ ಅಂದ್ರೆ... ಗಂ..."

ಕಣ್ಣು ಮುಚ್ಚಿಹೋಯಿತು. ಹುಟ್ಟಿದಾಗಿನಿಂದ ಇಸ್ತ್ರಿ ಮೇಜಿನ ಮುಂದೆ ನಿಂತ ಬೆನ್ನು ಅದು. ಒಂದು ದೊಡ್ಡ ಉಸಿರು ಬಿಟ್ಟ. ಆ ಉಸಿರಿಗೆ ಎದುರು ಅಂಗಡಿಯ ಕ್ಯಾಲೆಂಡರಿನ ಎರಡು ತಿಂಗಳು ಹಾರಿಹೋದವು. ಎದ್ದಾಗ ಮಗುವಿನ ಮುಖ ಅವನದು.

"ಈಗ ಹೇಳು," ಎಂದೆ, "ಮೃದುಲಾ ಅಂದ್ರೆ ಏನು?"

ಅವನು ದಿಂಬನ್ನು ಮಡಿಲಲ್ಲಿಟ್ಟು ಒತ್ತಿದ, ಬಿಟ್ಟ, ಮತ್ತೆ ಒತ್ತಿದ.

"ಸುಳ್ಳು ಯಾಕೆ ಹೇಳ್ಲಿ ಅತ್ತಿಗೆ. ಇಷ್ಟು ಮೆತ್ತಗಿರೋದಕ್ಕೆ ಆ ಹೆಸರು ಒಪ್ಪಲ್ಲ. ಬೇರೆ ಏನಾದ್ರೂ ಇಡಿ."

ಗೋಡೆಗೆ ತಲೆ ಚಚ್ಚಿಕೊಳ್ಳೋಣವೆಂದರೆ ಎಲ್ಲ ಕಡೆ ದಿಂಬುಗಳು. ಅದಕ್ಕೂ ಅವಕಾಶವಿರಲಿಲ್ಲ.

ಅಂದೇ ನಾನು ಕಾನೂನು ಮಾಡಿದ್ದು. ಈ ಅಂಗಡಿಯಲ್ಲಿ ದಿಂಬು ಬೇಕಾದವರು ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಬೀದಿಗೆ ಕೇಳುವ ಹಾಗೆ ನನ್ನ ಹೆಸರು ಹೇಳಬೇಕು. ಹೇಳಿದವರಿಗೆ ದಿಂಬು, ಹೇಳದವರಿಗೆ ದಾರಿ. ಬೇಕರಿಯವಳು ಒಂದೇ ಸಲಕ್ಕೆ ಹೇಳಿ ತೆಗೆದುಕೊಂಡು ಹೋದಳು. ಈಗ ಒಣಗಿದ ಬ್ರೆಡ್ಡಿಗೆ ಏನನ್ನಬೇಕೆಂದು ತಿಳಿಯದೆ ತಡವರಿಸುತ್ತಾಳೆ. ಹೆಡ್‌ಮಾಸ್ಟರು ಘನತೆಗೆ ಕುಂದೆಂದು ಪಿಸುಗುಟ್ಟಿದರು. ಅವರಿಂದ ಮೂರು ಸಲ ಹೇಳಿಸಿದೆ. ವಾಚ್ ರಿಪೇರಿಯವನು ಇನ್ನೂ ಮಾತು ಬಿಟ್ಟಿದ್ದಾನೆ. ಗಾರೆಯವನ ಸಿಮೆಂಟು ಇನ್ನೂ ಮೃದುಲಾ ಆಗುತ್ತಲೇ ಇದೆ. ಅವನಿಗೆ ಒಂದು ದಿನ ಇದೆ.

ಎಲ್ಲರಿಗಿಂತ ತಲೆನೋವು ನನ್ನ ಮೈದುನ. ಆ ದಿಂಬಿನ ರುಚಿ ಹತ್ತಿದ ಮೇಲೆ ಅವನ ಬೆನ್ನು ಬೇರೆ ಏನನ್ನೂ ಒಪ್ಪುತ್ತಿಲ್ಲ. ನಿನ್ನೆಯೂ ಬಂದಿದ್ದ. ದಿಂಬಿನ ಒಂದು ತುದಿ ಅವನು ಹಿಡಿದಿದ್ದ, ಇನ್ನೊಂದು ತುದಿ ನಾನು.

"ಹೆಸರು ಹೇಳು, ತಗೊಂಡು ಹೋಗು."

"ಅತ್ತಿಗೆ ಹೆಸರು ಬಾಯಲ್ಲಿ ಹೇಳೋದಾ? ನಿಮ್ಮೆದುರಿಗೇ? ಛೆ ಛೆ. ದೊಡ್ಡವರು ನೀವು."

"ದಿನಕ್ಕೆ ಸಾವಿರ ಸಲ ಗಿರಾಕಿಗಳ ಹತ್ರ ಹೇಳ್ತೀಯಲ್ಲ!"

"ಅದು ಅಂಗಡಿ ಹೆಸರು ಅತ್ತಿಗೆ. ಅದು ಬೇರೆ."

"ಅದೇ ಇದು. ಇದೇ ಅದು. ಹೇಳು."

ಅವನು ಬೀದಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಕಿವಿ ಕೆಂಪಾಯಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಎದೆ ತುಂಬ ಉಸಿರೆಳೆದುಕೊಂಡು ಅಂತೂ ಬಾಯಿ ತೆರೆದ:

"ಮೃದುಲಾ... ಲಾಂಡ್ರಿ."

ದಿಂಬನ್ನು ಅವನ ಕೈಯಿಂದ ಕಿತ್ತು ಮೇಲಿನ ಹಲಗೆಯ ಮೇಲಿಟ್ಟೆ.

"ನಾಳೆ ಬಾ," ಎಂದೆ.